ಹೆಗಲ ಮೇಲಿನ ನಾಲ್ಕು ಬೆರಳು

ನಮ್ಮ ಹಾಸ್ಟೆಲಿನ ಅಕ್ಕೋರನ್ನು ನಾನು ಜೋಳದ ಚೀಲ ಮಾಡಿದ್ದು ಬೇಕೆಂದು ಅಲ್ಲ. ಪುಟದಲ್ಲಿ ಅವರಿಗೆಂದು ಬಿಟ್ಟಿದ್ದ ಚೌಕಟ್ಟು ಅಗಲವಾಗಿತ್ತು, ಅವರು ಕಳಿಸಿದ ಫೋಟೋ ಉದ್ದವಾಗಿತ್ತು. ಕೂರಿಸಿದಾಗ ಎರಡೂ ಕಡೆ ಒಂದಿಷ್ಟು ಬಿಳಿ ಜಾಗ ಉಳಿಯಿತು. ಬಿಳಿ ಜಾಗ ಕಂಡರೆ ನನಗೆ ತಡೆಯುವುದಿಲ್ಲ. ಮಕ್ಕಳು ನಿಬಂಧದ ಪುಟದ ಕೊನೆಗೆ ನಾಲ್ಕು ಸಾಲು ಖಾಲಿ ಬಿಟ್ಟರೂ ‘ಇನ್ನೂ ಬರೆಯಬಹುದಿತ್ತು’ ಎಂದು ಕೆಂಪು ಮಸಿಯಲ್ಲಿ ಗೀಚುವ ಜಾತಿ ನನ್ನದು. ಮೌಸಿನಿಂದ ಫೋಟೋದ ಮಗ್ಗುಲು ಹಿಡಿದು ಎಳೆದೆ. ಬಿಳಿ ಜಾಗ ಮಾಯವಾಯಿತು. ಹುರುಪಿನಲ್ಲಿ ಆ ಪುಟವನ್ನು ನಮ್ಮ ಹಳೆಯ ಗೆಳತಿಯರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ.

ಚಹಾ ಕುದಿಯುವಷ್ಟರಲ್ಲಿ ಲಿಂಗಸುಗೂರಿನಿಂದ ಫೋನು.

‘ಏನವಾ ಸುಜಾತಾ, ನನ್ನ ಜ್ವಾಳದ ಚೀಲ ಮಾಡಿ ನಿಂದ್ರಿಸೀಯಲ್ಲ! ಹಾಸ್ಟೆಲಿನ್ಯಾಗ ರೊಟ್ಟಿ ಕಮ್ಮಿ ಹಾಕಿದ್ನೇನು ನಿಮಗ? ಈಗ ಸೇಡು ತೀರಿಸ್ಕೊಳ್ಳಾಕತ್ತೀಯೇನು?’

ಅಕ್ಕೋರು ಎಂದರೆ ನಮ್ಮ ವಾರ್ಡನ್. ವಯಸ್ಸು ಎಂಬತ್ತರ ಹತ್ತಿರ ಬಂದಿದ್ದರೂ ದನಿಯಲ್ಲಿ ಇನ್ನೂ ಆ ಗಂಟೆಯಿದೆ. ಫೋನಿನಲ್ಲಿ ಅವರು ಮಾತಾಡಿದರೆ ನಾನು ಈಗಲೂ ಎದ್ದು ನಿಲ್ಲುತ್ತೇನೆ. ಅಂದೂ ಎದ್ದು ನಿಂತೆ. ಚಹಾ ಉಕ್ಕಿತು.

ಇಷ್ಟಕ್ಕೂ ಈ ಉಸಾಬರಿ ನನಗೆ ಬಂದದ್ದು ಹೀಗೆ. ಲಿಂಗಸುಗೂರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಒಟ್ಟಿಗೆ ಓದಿದ ನಾವು, ಅಲ್ಲಿಯೇ ಒಮ್ಮೆ ಕೂಡಬೇಕು, ಕೂಡಿದ ನೆನಪಿಗೆ ಒಂದು ಪುಸ್ತಕ ತರಬೇಕು ಎಂದು ನಿರ್ಧರಿಸಿದೆವು. ಒಬ್ಬೊಬ್ಬರಿಗೂ ಒಂದು ಪುಟ. ಪುಟದ ಮೇಲೆ ಎರಡು ಫೋಟೋ, ಆಗಿನದೊಂದು, ಈಗಿನದೊಂದು. ಕೆಳಗೆ ನಾಲ್ಕು ಮಾತು. ಯಾರು ಮಾಡುವುದು ಎಂಬ ಪ್ರಶ್ನೆ ಬಂದಾಗ ಗುಂಪಿನಲ್ಲಿ ಒಂದೇ ಉತ್ತರ: ‘ಕನ್ನಡ ನಿಂದು, ಕಂಪ್ಯೂಟರ್ ನಿನ್ನ ಗಂಡಂದು. ಇನ್ನೇನು ಬೇಕವಾ?’ ನಾನು ಸಿಂಧನೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮವರದು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ತೊಟ್ಟಿಲ ಕಾರ್ಡು, ಗೃಹಪ್ರವೇಶದ ಕಾರ್ಡು ಮಾಡುತ್ತಾರೆ. ಸಂಧಿ ಸಮಾಸ ಬಲ್ಲವಳಿಗೆ ಪುಟ ಕಟ್ಟುವುದೂ ಬರುತ್ತದೆ ಎಂದು ನಮ್ಮ ಗೆಳತಿಯರು ನಂಬಿದ್ದರು. ನನಗೂ ಹಾಗೇ ಅನ್ನಿಸಿದ್ದು ನನ್ನ ದುರದೃಷ್ಟ.

ಅಕ್ಕೋರ ಫೋನಿನ ಮರುದಿನ ಸಂಜೆ ನಮ್ಮವರು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಪಾಠ ಶುರುಮಾಡಿದರು.

‘ಫೋಟೋ ಅಂದ್ರ ರೊಟ್ಟಿ ಹಿಟ್ಟಲ್ಲ, ಬೇಕಾದ ಕಡೆ ಬಡಿಯಾಕ. ಮೂಲಿ ಹಿಡಿ. ಶಿಫ್ಟ್ ಒತ್ತಿ ಹಿಡಕೊಂಡು ಎಳಿ. ಉದ್ದ ಅಗಲ ಎರಡೂ ಕೂಡೇ ಬೆಳೀತಾವ, ಕೂಡೇ ಇಳೀತಾವ.’

‘ಚೌಕಟ್ಟು ತುಂಬದಿದ್ರ?’

‘ಚೌಕಟ್ಟಿಗೆ ಮನಷಾನ್ನ ಹೊಂದಿಸಬ್ಯಾಡ. ಮನಷಾಗ ಚೌಕಟ್ಟು ಹೊಂದಿಸು.’

ಇಂಥ ಮಾತು ಅವರು ಮದುವೆಯಾದ ಹೊಸದರಲ್ಲಿ ಆಡಿದ್ದರೆ ನಾನು ಬರೆದಿಟ್ಟುಕೊಳ್ಳುತ್ತಿದ್ದೆ. ಈಗ ‘ಆತ್ರೀ’ ಎಂದು ಮುಂದಿನ ಫೋಟೋ ತೆಗೆದೆ.

ಕಲಿಯುತ್ತ ಹೋದಂತೆ ಇದು ಬಲು ಸೂಕ್ಷ್ಮದ ಕೆಲಸ ಎಂದು ತಿಳಿಯಿತು. ಚೌಕಟ್ಟು ಮೊದಲೇ ಹಾಕಿ ಒಳಗೆ ಫೋಟೋ ಕರೆದರೆ ಅದು ಚೌಕಟ್ಟಿಗೆ ತಕ್ಕಂತೆ ಮೈ ಮುದುಡಿಕೊಂಡು ಬರುತ್ತದೆ. ಚೌಕಟ್ಟಿಲ್ಲದೆ ಕರೆದರೆ ತನ್ನ ಸ್ವಂತ ಅಳತೆಯಲ್ಲಿ ಬರುತ್ತದೆ. ಹೊಸ ಫೋನಿನಲ್ಲಿ ತೆಗೆದದ್ದು ಪುಟ ಮೀರಿ ಟೇಬಲ್ಲಿನವರೆಗೂ ಚಾಚುತ್ತದೆ. ಹತ್ತು ಕೈ ದಾಟಿ ವಾಟ್ಸಾಪಿನಲ್ಲಿ ಬಂದದ್ದು ಬೆರಳುಗುರಿನಷ್ಟಾಗಿ ಮೂಲೆಯಲ್ಲಿ ಕೂರುತ್ತದೆ. ದೊಡ್ಡದನ್ನು ಎಷ್ಟು ಬೇಕಾದರೂ ಸಣ್ಣದು ಮಾಡಬಹುದು. ಸಣ್ಣದನ್ನು ದೊಡ್ಡದು ಮಾಡುವುದಕ್ಕೆ ಮಾತ್ರ ಮಿತಿಯುಂಟು. ಆ ಮಿತಿ ದಾಟಿದರೆ ಮುಖ ಮುಖವಾಗಿ ಉಳಿಯದೆ ಬಣ್ಣದ ಚೌಕಗಳಾಗಿ ಒಡೆಯುತ್ತದೆ. ಆದ್ದರಿಂದ ಮೊದಲು ನೂರಕ್ಕೆ ನೂರರ ಅಳತೆಯಲ್ಲಿಟ್ಟು ಅದರ ತಾಕತ್ತು ಎಷ್ಟೆಂದು ನೋಡಬೇಕು, ಆಮೇಲೆ ಜಾಗ ಕೊಡಬೇಕು.

ನಮ್ಮ ಕಾಲಕ್ಕೆ ಈ ತಲೆನೋವೇ ಇರಲಿಲ್ಲ. ಎಷ್ಟು ದೊಡ್ಡದಾಗಬೇಕೆಂದು ಸ್ಟುಡಿಯೋದವನು ತೀರ್ಮಾನಿಸುತ್ತಿದ್ದ, ನಾವು ಆಗುತ್ತಿದ್ದೆವು. ಮಸ್ಕಿಯಲ್ಲಿ, ಶಾಸನದ ಗುಡ್ಡದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಹಾಸ್ಟೆಲಿಗೆ ಸೇರಿಸುವ ಮುಂಚೆ ಅಪ್ಪ ನನ್ನನ್ನು ಸ್ಟುಡಿಯೋಕ್ಕೆ ಕರೆದೊಯ್ದಿದ್ದ. ಪರದೆಯ ಮೇಲೆ ಒಂದು ಕೆರೆ, ಕೆರೆಯಲ್ಲಿ ಹಂಸ, ಪಕ್ಕದಲ್ಲಿ ಎಲ್ಲಿಗೂ ಹೋಗದ ಒಂದು ಮೆಟ್ಟಿಲ ಸಾಲು. ಆ ಹಂಸದ ಮುಂದೆ ನಿಲ್ಲಬೇಕೆಂದು ನಾನು ಹೊಸ ರಿಬ್ಬನ್ ಕಟ್ಟಿಸಿಕೊಂಡು ಹೋಗಿದ್ದೆ. ಅವನು ಪರದೆ ಸರಿಸಿ ಬರಿಯ ಗೋಡೆಯ ಮುಂದೆ ನನ್ನನ್ನು ನಿಲ್ಲಿಸಿ, ‘ಗದ್ದ ಎತ್ತವಾ’ ಎಂದು ಕ್ಲಿಕ್ ಮಾಡಿಬಿಟ್ಟ. ಬಂದದ್ದು ಅಂಚೆಚೀಟಿಯಷ್ಟು. ಅವ್ವ ಅದನ್ನು ಅಂಗೈಯಲ್ಲಿಟ್ಟುಕೊಂಡು, ‘ಇಷ್ಟ ಸಣ್ಣದ್ರಾಗ ನನ್ನ ಮಗಳು ಹ್ಯಾಂಗ ಹಿಡಿಸಿದಳ?’ ಎಂದು ಕೇಳಿದ್ದಳು. ನಾನು ಹೋದ ಮೇಲೆ ಅದನ್ನು ಗೋಡೆಯ ಬುದ್ಧನ ಪಟದ ಅಂಚಿಗೆ ಸಿಕ್ಕಿಸಿಟ್ಟಿದ್ದಳಂತೆ.

ಇಂಥ ಅಂಚೆಚೀಟಿಗಳನ್ನು ಬಿಟ್ಟರೆ ನಮ್ಮ ಹಾಸ್ಟೆಲಿನ ದಿನಗಳದ್ದೆಂದು ಉಳಿದದ್ದು ಒಂದೇ ಒಂದು ಗುಂಪಿನ ಫೋಟೋ. ಹತ್ತನೆಯ ಇಯತ್ತೆ ಮುಗಿಸಿ ಊರಿಗೆ ಹೊರಟ ದಿನ ಅಂಗಳದಲ್ಲಿ ತೆಗೆಸಿದ್ದು. ಎಲ್ಲರ ‘ಆಗಿನ’ ಮುಖವನ್ನೂ ನಾನು ಅದರಿಂದಲೇ ಕತ್ತರಿಸಿ ತೆಗೆಯಬೇಕಿತ್ತು. ಒಬ್ಬೊಬ್ಬಳನ್ನೇ ತೆಗೆಯುತ್ತ ಎಡಗಡೆಯ ತುದಿಗೆ ಬಂದಾಗ ನನ್ನ ಕೈ ನಿಂತಿತು. ಅಲ್ಲಿದ್ದವಳು ಅಮರಮ್ಮ.

ಅಮರಮ್ಮ ತುರ್ವಿಹಾಳದ ಕಡೆಯವಳು, ಕುರಿ ಕಾಯುವವರ ಮಗಳು. ನಮ್ಮೆಲ್ಲರಿಗಿಂತ ಎತ್ತರ. ಹಾಸ್ಟೆಲಿನ ಬೇವಿನ ಗಿಡದ ಮೊದಲ ಕೊಂಬೆಗೆ ಅವಳ ಕೈ ನಿಂತಲ್ಲಿಂದಲೇ ಎಟುಕುತ್ತಿತ್ತು. ದೊಡ್ಡ ಹಾಲಿನಲ್ಲಿ ಸಾಲಾಗಿ ಚಾಪೆ ಹಾಸಿ ಮಲಗುತ್ತಿದ್ದೆವಲ್ಲ, ನನ್ನ ಚಾಪೆಯ ಪಕ್ಕದ್ದು ಅವಳದು. ಹೋದ ಹೊಸದರಲ್ಲಿ ದಿನಾ ಸಂಜೆ ಮಸ್ಕಿ ಬಸ್ಸಿನ ಹಾರ್ನ್ ಕೇಳಿದ ಕೂಡಲೇ ನನಗೆ ಅಳು ಒತ್ತರಿಸಿ ಬರುತ್ತಿತ್ತು. ಉಳಿದವರು ‘ಅಳಬ್ಯಾಡ ಅಳಬ್ಯಾಡ’ ಎಂದು ಇನ್ನಷ್ಟು ಅಳಿಸುತ್ತಿದ್ದರು. ಅವಳೊಬ್ಬಳು, ‘ಯಾಕ ಅಳ್ತೀಯಲೇ? ಆ ಬಸ್ಸು ನಾಳೀನೂ ಬರ್ತೈತಿ’ ಅಂದಳು. ಏಕೋ ಏನೋ, ಅಳು ನಿಂತಿತು. ಬಸ್ಸು ನಾಳೆಯೂ ಬರುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಅವಳಿಗೆ ನರ್ಸ್ ಆಗಬೇಕೆಂಬ ಆಸೆ. ಜಾಲಿಮುಳ್ಳು ಹಿಡಿದು ನಮಗೆಲ್ಲ ಸೂಜಿ ಚುಚ್ಚುವ ಆಟ ಆಡುತ್ತಿದ್ದಳು. ಹಾಸ್ಟೆಲಿನ ನಾಯಿ ರಾಜಾನ ಕಾಲಿಗೆ ಗಾಯವಾದಾಗ ತನ್ನ ಹಳೆಯ ಲಂಗ ಹರಿದು ಪಟ್ಟಿ ಕಟ್ಟಿದ್ದಳು. ರಾಜಾ ಅದನ್ನು ಕಚ್ಚಿ ಕಿತ್ತೊಗೆಯುತ್ತಿತ್ತು, ಅವಳು ಮತ್ತೆ ಕಟ್ಟುತ್ತಿದ್ದಳು. ಕೊನೆಗೆ ಸೋತದ್ದು ರಾಜಾನೇ. ಊರಿಂದ ಅವಳಪ್ಪ ಬಂದಾಗ ಗಿಣ್ಣ ತರುತ್ತಿದ್ದ. ಅದರಲ್ಲಿ ನನಗೊಂದು ಪಾಲು ಇದ್ದೇ ಇರುತ್ತಿತ್ತು. ಬೆಳಗಿನ ಪುಂಡಿಪಲ್ಯ ರೊಟ್ಟಿಯನ್ನೇ ರಾತ್ರಿಯೂ ಕಾಣುತ್ತಿದ್ದ ನಮಗೆ ಗಿಣ್ಣ ಎಂದರೆ ಹಬ್ಬ.

ಆ ಗುಂಪಿನ ಫೋಟೋದಲ್ಲಿ ಅಮರಮ್ಮ ಹಿಂದಿನ ಸಾಲಿನ ಕೊನೆಗೆ, ಊಟದ ಹಾಲಿನಿಂದ ತಂದ ಬೆಂಚಿನ ಮೇಲೆ ನಿಂತಿದ್ದಾಳೆ. ಅವಳ ಮುಂದೆ ನೆಲದ ಮೇಲೆ ನಿಂತವಳು ನಾನು. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದೇವೆ. ಅವಳೊಬ್ಬಳು ಆ ಗಳಿಗೆಯಲ್ಲಿ ಮುಖವನ್ನು ಎಡಕ್ಕೆ ತಿರುಗಿಸಿಬಿಟ್ಟಿದ್ದಾಳೆ. ಕಾಣುವುದು ಒಂದು ಕಿವಿ, ಕೆನ್ನೆಯ ಅರ್ಧ, ಜಡೆ. ಮತ್ತೆ ನನ್ನ ಹೆಗಲ ಮೇಲೆ ಅವಳ ನಾಲ್ಕು ಬೆರಳು.

ಆ ಬೆರಳುಗಳ ಸಂಗತಿಯನ್ನು ನಾನು ಯಾರಿಗೂ ಹೇಳಿದವಳಲ್ಲ. ಇಷ್ಟು ವಯಸ್ಸಾದ ಮೇಲೆ ಹೇಳಲು ನಾಚಿಕೆಯೂ ಆಗುತ್ತದೆ. ಅಂದು ಸಂಜೆಯೇ ಅಮರಮ್ಮ ಅಪ್ಪನ ಜೊತೆ ಊರಿಗೆ ಹೋದಳು. ಅವಳಿಗೆ ಮದುವೆಯಾಯಿತಂತೆ, ಕೃಷ್ಣೆ ದಾಟಿ ತೆಲುಗು ಸೀಮೆಗೆ ಕೊಟ್ಟರಂತೆ ಎಂಬ ಸುದ್ದಿ ಬಂತು. ನಾನು ಬರೆದ ಪತ್ರಗಳು ಎಲ್ಲಿ ಹೋದವೋ. ನಾನು ಕಾಲೇಜು ಓದಿದೆ, ಕೆಲಸಕ್ಕೆ ಸೇರಿದೆ, ವರ್ಗವಾದಲ್ಲೆಲ್ಲ ಮನೆ ಹೂಡಿದೆ. ಎಲ್ಲಿ ಹೋದರೂ ಟ್ರಂಕಿಗೆ ಮೊದಲು ಇಳಿಯುತ್ತಿದ್ದದ್ದು ಆ ಫೋಟೋ. ಹೊಸ ಊರಿನ ಹೊಸ ಶಾಲೆಯಲ್ಲಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಒಳಗೆ ಹೋಗಲು ಕಾಲು ಬಾರದಿದ್ದಾಗ, ಅವ್ವ ತೀರಿಕೊಂಡಾಗ, ಎಡ ಹೆಗಲ ಮೇಲೆ ಒಂದು ಭಾರ ಬಂದು ಕೂತಂತೆ ಆಗುತ್ತಿತ್ತು. ಹಾಸ್ಟೆಲು ಬಿಡುವ ಕೊನೆಯ ಗಳಿಗೆಯಲ್ಲಿ ಅಷ್ಟೂ ಹುಡುಗಿಯರ ನಡುವೆ ನನ್ನ ಹೆಗಲನ್ನೇ ಆರಿಸಿಕೊಂಡು ಒಬ್ಬಳು ಕೈಯಿಟ್ಟಿದ್ದಳಲ್ಲ ಎಂಬುದು ನನ್ನ ಪಾಲಿಗೆ ಸಣ್ಣ ಆಸ್ತಿಯಾಗಿರಲಿಲ್ಲ.

ಈಗ ಆ ಫೋಟೋ ಪರದೆಯ ಮೇಲಿತ್ತು. ಅಮರಮ್ಮನ ಮುಖದ ಸುತ್ತ ಗೆರೆ ಎಳೆದು ಕತ್ತರಿಸಿ ಚೌಕಟ್ಟಿನೊಳಕ್ಕೆ ತಂದೆ. ಅದು ಕಡಲೆಕಾಳಿನಷ್ಟಾಗಿ ಬಂತು. ಮೂಲೆ ಹಿಡಿದು, ಶಿಫ್ಟ್ ಒತ್ತಿ, ಶಾಸ್ತ್ರಪ್ರಕಾರ ಎಳೆದೆ. ಕಿವಿ ಹೋಯಿತು. ಇನ್ನಷ್ಟು ಎಳೆದೆ. ಕೆನ್ನೆ ಬೂದಿಬಣ್ಣದ ಚೌಕಗಳಾಯಿತು.

‘ಬಿಡು, ಅದ್ರಾಗ ಇದ್ದದ್ದ ಇಷ್ಟು’ ಎಂದರು ನಮ್ಮವರು ಹಿಂದಿನಿಂದ. ‘ಇಲ್ಲದ್ದನ್ನ ಕಂಪ್ಯೂಟರ್ ಎಲ್ಲಿಂದ ತರಬೇಕು?’ ಆಮೇಲೆ ನನ್ನ ಫೋಟೋ ನೋಡಿ, ‘ನಿನ್ನ ಹೆಗಲ ಮ್ಯಾಲೆ ಇದೇನಿದು, ಯಾರದೋ ಕೈ? ಅಳಸಿಬಿಡ್ಲೇನು? ಒಂದ ನಿಮಿಷದ ಕೆಲಸ.’

‘ಮುಟ್ಟಬ್ಯಾಡ್ರಿ!’ ಎಂದೆ. ದನಿ ಸ್ವಲ್ಪ ಜೋರೇ ಆಯಿತು. ಅವರು ಮೌಸಿನಿಂದ ಕೈ ತೆಗೆದು, ಲಗ್ನಪತ್ರಿಕೆಯ ಕೆಲಸವಿದೆ ಎಂದು ಎದ್ದು ಹೋದರು.

ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ: ಅಮರಮ್ಮನ ಫೋಟೋ ಯಾರ ಹತ್ತಿರವಾದರೂ ಇದೆಯಾ? ಯಾರ ಹತ್ತಿರವೂ ಇರಲಿಲ್ಲ. ಎರಡು ದಿನ ಬಿಟ್ಟು ಜವಳಗೇರಾದಲ್ಲಿ ಅಂಗನವಾಡಿ ನಡೆಸುವ ಬಸಮ್ಮ ತನ್ನ ದನಿ ಮುದ್ರಿಸಿ ಕಳಿಸಿದಳು: ‘ಸುಜಾತಾ, ಫೋಟೋ ಯಾಕ ಹುಡುಕ್ತೀ? ಅಕಿನ್ನ ಹುಡುಕು. ಅಕಿ ಗಂಡನ ಕೂಡ ತಿರುಗಿ ಬಂದಾಳಂತ. ತುರ್ವಿಹಾಳದ ಹತ್ರ ಕ್ಯಾಂಪಿನ್ಯಾಗ ಅದಾಳಂತ. ನೆಲ್ಲು ಹಚ್ಚೋ ಹೆಣ್ಮಕ್ಕಳ ಗುಂಪಿಗೆ ಅಕೀನ ಮುಂದಾಳಂತ ನೋಡು.’

ಆ ದನಿಯನ್ನು ಎಷ್ಟು ಸಲ ಕೇಳಿದೆನೋ. ತುರ್ವಿಹಾಳ ಸಿಂಧನೂರಿನಿಂದ ಎಷ್ಟು ಮಹಾ ದೂರ! ಸಂತೆಗೆ ಬಂದು ಹೋಗುವಷ್ಟು. ಯಾವುದೋ ಸೀಮೆಯಲ್ಲಿದ್ದಾಳೆ ಎಂದುಕೊಂಡವಳು ನನ್ನ ಬಸ್ ಸ್ಟ್ಯಾಂಡಿನಿಂದ ಹೊರಡುವ ಬಸ್ಸಿನ ದಾರಿಯಲ್ಲೇ ಇದ್ದಳು.

ಭಾನುವಾರ ಹೊರಟೆ. ಕಾಲುವೆಗೆ ಹೊಸದಾಗಿ ನೀರು ಬಿಟ್ಟಿದ್ದರು. ರಸ್ತೆಯ ಎರಡೂ ಕಡೆ ಕೆಸರು ಮಡಿಗಳು ಆಕಾಶ ತುಂಬಿಕೊಂಡು ಬಿದ್ದಿದ್ದವು. ಬಸ್ಸಿನಲ್ಲಿ ಕೂತು ನಾನು ಆಡಬೇಕಾದ ಮಾತುಗಳನ್ನು ಜೋಡಿಸುತ್ತಿದ್ದೆ. ಅವಳು ಏನೆನ್ನುತ್ತಾಳೆ ಎಂಬುದನ್ನೂ ನಾನೇ ಜೋಡಿಸಿದ್ದೆ. ಕನ್ನಡ ಪಾಠ ಮಾಡುವವರಿಗೆ ಇದೊಂದು ಚಟ. ಸಂಭಾಷಣೆ ರೂಪದಲ್ಲಿ ಬರೆಯಿರಿ ಎಂದು ಮಕ್ಕಳಿಗೆ ಹೇಳಿ ಹೇಳಿ ಬಂದದ್ದು.

ತುರ್ವಿಹಾಳದಲ್ಲಿ ಇಳಿದು ಆಟೋ ಹಿಡಿದು, ಕಾಲುವೆ ಬಂದ ಮೇಲೆ ಆಂಧ್ರದ ರೈತರು ಬಂದು ಕಟ್ಟಿಕೊಂಡ ಆ ಕ್ಯಾಂಪಿಗೆ ಹೋದರೆ ಮನೆಗೆ ಬೀಗ. ಪಕ್ಕದ ಮನೆಯ ತೆಲುಗು ಮುದುಕಿ ‘ನೆಲ್ಲು ಹಚ್ಚಾಕ ಹೋಗ್ಯಾಳಮ್ಮಾ’ ಎಂದು ಗದ್ದೆಯ ಕಡೆ ಕೈ ತೋರಿಸಿದಳು. ಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿ, ಎರಡು ಸಲ ಜಾರಿ, ಹೇಗೋ ಹೋಗಿ ನಿಂತೆ. ಹೆಂಗಸರ ಸಾಲೊಂದು ಬಾಗಿ ಹಿಂದಹಿಂದಕ್ಕೆ ಸರಿಯುತ್ತ ಸಸಿ ಹಚ್ಚುತ್ತಿತ್ತು. ಎಲ್ಲರ ಬೆನ್ನೂ ಒಂದೇ ಥರ ಕಂಡಿತು. ನಡುವಿನಿಂದ ಒಂದು ಬೆನ್ನು ನೆಟ್ಟಗಾಯಿತು. ಆ ಎತ್ತರ ನೋಡಿದ ಕೂಡಲೇ ಅವಳೇ ಎಂದು ಗೊತ್ತಾಯಿತು.

ಅವಳು ಸೊಂಟಕ್ಕೆ ಕೈಯಿಟ್ಟು ನನ್ನನ್ನು ನೋಡಿದಳು. ‘ಯಾರ್ರೀ ನೀವು? ಯಾರು ಬೇಕಾಗಿತ್ತು?’

‘ಅಮರಮ್ಮ…’

‘ನಾನ ಅಮರಮ್ಮ. ಏನು, ಜನಗಣತಿದೇನ್ರೀ?’

‘ಅಮರೀ, ನಾನು ಸುಜಾತಾ. ಲಿಂಗಸೂರು ಹಾಸ್ಟೆಲು.’

ಕೆಸರು ದಾಟಿ ಬದುವಿಗೆ ಬಂದಳು. ಮುಖ ಬಿಸಿಲಿಗೆ ಬಾಡಿ ಗಟ್ಟಿಯಾಗಿತ್ತು, ಮುಂಗೂದಲು ಬೆಳ್ಳಗಾಗಿತ್ತು. ‘ಹಾಸ್ಟೆಲು! ಅಯ್ಯ ಶಿವನ. ಸುಜಾತಾ… ಸುಜಾತಾ… ಹಾಂ, ಚಸ್ಮಾದಾಕಿ!’

‘ಅಕಿ ಸುಶೀಲಾ. ನಾನು ಮಸ್ಕಿಯಾಕಿ. ನಿನ್ನ ಮಗ್ಗಲದಾಗ ಮಲಗ್ತಿದ್ದೆ.’

‘ನನ್ನ ಮಗ್ಗಲದಾಗ ಹುಲಿಗೆಮ್ಮ ಅಲ್ಲೇನು?’

‘ಅಕಿ ಆ ಕಡಿಗೆ. ಈ ಕಡಿಗೆ ನಾನು.’

‘ಹಾಂ, ಇರಬೇಕು ಬಿಡವಾ. ಬಾಳ ವರ್ಷ ಆತು’ ಎಂದು ಅವಳು ನಕ್ಕಳು. ಮನೆಗೆ ಬಂದವರ ಮನಸ್ಸು ನೋಯಬಾರದು ಎಂದು ನಗುತ್ತಾರಲ್ಲ, ಆ ನಗು.

ನಾನೂ ನಕ್ಕೆ. ಬಸ್ಸಿನಲ್ಲಿ ಜೋಡಿಸಿಟ್ಟಿದ್ದ ಸಂಭಾಷಣೆಯಲ್ಲಿ ಈ ಸಾಲು ಇರಲಿಲ್ಲ.

ಹೆಂಗಸರಿಗೆ ಊಟದ ಹೊತ್ತು. ಕಾಲುವೆ ಪಕ್ಕದ ಜಾಲಿಗಿಡದ ನೆರಳಿಗೆ ಎಲ್ಲರೂ ಬಂದು ಕೂತರು. ಅಮರಮ್ಮ ಕೈಕಾಲು ತೊಳೆದು ತನ್ನ ಡಬ್ಬಿ ಬಿಚ್ಚಿ, ಬೇಡವೆಂದರೂ ಕೇಳದೆ ಅನ್ನ, ಪುಂಡಿಯ ಖಾರದ ಚಟ್ನಿ ಕಲಸಿ ಮುಚ್ಚಳದಲ್ಲಿ ನನ್ನ ಮುಂದಿಟ್ಟಳು. ಪುಸ್ತಕಕ್ಕೆ ಅವಳದೊಂದು ಫೋಟೋ ಬೇಕು ಎಂದು ಹೇಳಿದೆ. ಉಣ್ಣುತ್ತ ಅವಳು ಹಾಸ್ಟೆಲಿನ ಮಾತು ತೆಗೆದಳು. ಅವಳಿಗೆ ಎಲ್ಲ ನೆನಪಿತ್ತು. ಅಡುಗೆಯಾಕೆಯ ಬೈಗುಳ, ಬೇವಿನ ಗಿಡ, ಅಕ್ಕೋರ ಗಂಟೆ. ರಾಜಾನ ಯಾವ ಕಾಲಿಗೆ ಪಟ್ಟಿ ಕಟ್ಟಿದ್ದಳು ಎಂಬುದೂ ನೆನಪಿತ್ತು. ‘ಮುಂದಿನ ಎಡಗಾಲು. ಎಷ್ಟ ಕಟ್ಟಿದ್ರೂ ಕಿತ್ತೊಗೀತಿತ್ತು ನನ್ಮಗ!’ ಎಂದು ಗಟ್ಟಿಯಾಗಿ ನಕ್ಕಳು. ನಾಯಿಯ ಎಡಗಾಲು ನೆನಪಿತ್ತು, ನಾನು ಇರಲಿಲ್ಲ. ಮಸ್ಕಿ ಬಸ್ಸಿನ ಮಾತು ಎತ್ತಿದೆ. ‘ಹಂಗ ಅಂದಿದ್ನೇನು ನಾನು?’ ಎಂದು ತಾನೇ ಬೆರಗಾದಳು.

ಕೊನೆಗೆ ತಡೆಯಲಾರದೆ ಫೋನು ತೆಗೆದು ಆ ಫೋಟೋ ತೋರಿಸಿದೆ. ‘ಇಲ್ನೋಡು. ಇದು ನೀನು. ಇದು ನಾನು. ನನ್ನ ಹೆಗಲ ಮ್ಯಾಲೆ ಇದು ನಿನ್ನ ಕೈ.’

ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನು ತೆಗೆದುಕೊಂಡಳು. ‘ಅಯ್ಯ, ಹೌದಲ್ಲ! ಆ ಬೆಂಚು ಅಲ್ಲಾಡ್ತಿತ್ತು ಅನಸ್ತೈತಿ. ಬೀಳ್ತೀನಂತ ಹಿಡಕೊಂಡಿರಬೇಕು.’

ಸುತ್ತ ಕೂತವರು ನಕ್ಕರು. ನಾನೂ ಅವರ ಜೊತೆ ನಕ್ಕೆ. ನಗದೆ ಏನು ಮಾಡಲಿ? ಇಷ್ಟು ವರ್ಷ ಊರೂರಿಗೆ ಹೊತ್ತು ತಿರುಗಿದ್ದನ್ನು ಅವಳು ಒಂದು ಬೆಂಚಿನ ಮುರುಕು ಕಾಲಿಗೆ ಕಟ್ಟಿ ಕೂರಿಸಿದ್ದಳು. ಚಟ್ನಿ ಖಾರ ಎಂದು ಕಣ್ಣೊರೆಸಿಕೊಂಡೆ.

ಅಮರಮ್ಮ ಮಾತ್ರ ಫೋನು ತಿರುಗಿ ಕೊಡಲಿಲ್ಲ. ನೋಡುತ್ತಲೇ ಇದ್ದಳು. ಉಳಿದವರು ಕೈ ತೊಳೆಯಲು ಎದ್ದು ಹೋದರು. ಅವಳ ಮುಖದ ನಗು ನಿಧಾನವಾಗಿ ಇಳಿಯಿತು.

‘ಇಲ್ಲ,’ ಎಂದಳು. ‘ಬೆಂಚು ನೆಟ್ಟಗ ಇತ್ತು.’

ಫೋಟೋದ ಎಡಗಡೆಯ ಅಂಚಿಗೆ ಬೆರಳಿಟ್ಟಳು.

‘ನಾ ಆ ಕಡೆ ಯಾಕ ನೋಡಾಕತ್ತೀನಿ ಗೊತ್ತೇನು? ಗೇಟಿನ್ಯಾಗ ಅಪ್ಪ ಬಂದು ನಿಂತಿದ್ದ. ಕಾಲೇಜಿಗೆ ಕಳಸ್ತೀನಿ, ನರ್ಸ್ ಓದಸ್ತೀನಿ ಅಂತ ಹೇಳಿದ್ದ ಅಂವ. ಕಂಬಳಿ ಇಲ್ಲ, ಕೋಲಿಲ್ಲ, ಬಿಳೇ ಅಂಗಿ ಹಾಕ್ಕೊಂಡು ಬಂದಿದ್ದ. ಕೈಯಾಗ ಒಂದು ಚೀಲ. ಚೀಲದಾಗಿಂದ ಹಸರು ಸೀರಿ ಅಂಚು ಹೊರಗ ಕಾಣ್ತಿತ್ತು. ನೋಡಿದ ಕೂಡ್ಲೆ ತಿಳೀತು ನೋಡು ನನಗ, ಲಗ್ನ ಗೊತ್ತು ಮಾಡ್ಯಾನಂತ. ಕಾಲಾಗಿನ ಶಕ್ತೀನ ಹೋತು. ಮುಂದ ಯಾರಿದ್ರೋ ಅವರನ್ನ ಹಿಡಕೊಂಡೆ.’

ಗಾಳಿಗೆ ಜಾಲಿಯ ಸಣ್ಣ ಎಲೆಗಳು ಅವಳ ಡಬ್ಬಿಗೆ ಉದುರುತ್ತಿದ್ದವು. ಅವಳು ತೆಗೆಯಲಿಲ್ಲ.

‘ನೀ ಇದ್ದೆ,’ ಎಂದಳು. ಫೋಟೋದಲ್ಲಿನ ನನ್ನನ್ನು ಈಗಷ್ಟೇ ಕಂಡವಳಂತೆ ಫೋನನ್ನು ಹತ್ತಿರ ತಂದುಕೊಂಡು ನೋಡಿದಳು. ‘ಇಷ್ಟ ಸಣ್ಣಾಕಿ ಇದ್ದೀಯಲ್ಲಲೇ! ನಾ ಅಷ್ಟು ಭಾರ ಹಾಕಿದ್ರ ನೀ ಬೀಳಲಿಲ್ಲೇನು?’

‘ಇಲ್ಲ’ ಎಂದೆ.

‘ಅಪ್ಪನ ಮ್ಯಾಲೆ ಸಿಟ್ಟು ಬಂತೇನು?’ ಎಂದು ಆಮೇಲೆ ಕೇಳಿದೆ.

‘ಬಂತು. ಬಾಳ ದಿನ ಇತ್ತು. ಅಂವ ಸತ್ತಾಗ ನನಗ ಸುದ್ದಿ ತಡಾ ಮುಟ್ಟಿತು. ಬರೋದ್ರಾಗ ಮಣ್ಣು ಮಾಡಿದ್ರು. ಆಮ್ಯಾಲೆ ಸಿಟ್ಟು ಎಲ್ಲಿ ಇಡಬೇಕವಾ?’ ಎಂದವಳು ಎದ್ದು ಸೆರಗು ಬಿಗಿದಳು. ‘ಬಾ, ಫೋಟೋ ಬೇಕಂದ್ಯಲ್ಲ, ತಗಿ. ಹಲ್ಲು ಕಾಣೋಹಂಗ ನಗ್ಲೇನು, ಬಾಯಿ ಮುಚ್ಕೊಂಡು ನಗ್ಲೇನು?’

ಹೇಗೆ ನಕ್ಕರೂ ಚೆಂದ ಎಂದೆ. ಅವಳು ಕೆಸರಿಗಿಳಿದು ಒಂದು ಹಿಡಿ ಸಸಿ ಎತ್ತಿ ಹಿಡಿದು ನಿಂತಳು, ನೇರವಾಗಿ ನನ್ನನ್ನೇ ನೋಡಿ ಹಲ್ಲೆಲ್ಲ ಕಾಣುವಂತೆ ನಕ್ಕಳು. ಕ್ಲಿಕ್ ಆದ ಮೇಲೂ ಸ್ವಲ್ಪ ಹೊತ್ತು ನಾನು ಫೋನು ಇಳಿಸಲಿಲ್ಲ. ಹೊರಡುವಾಗ ‘ಹಾಸ್ಟೆಲಿಗೆ ಬಾ, ಎಲ್ಲರೂ ಬರ್ತಾರ’ ಎಂದು ಕರೆದೆ. ‘ನೆಲ್ಲು ಹಚ್ಚೋದು ಮುಗಿದಿದ್ರ ಬರ್ತೀನಿ’ ಎಂದಳು.

ಆ ಸಂಜೆ ಅವಳ ಪುಟ ಕಟ್ಟಿದೆ. ಚೌಕಟ್ಟು ಹಾಕದೆ ಫೋಟೋ ಕರೆದೆ, ಆಮೇಲೆ ಮೂಲೆ ಹಿಡಿದು ಪುಟದ ಅಗಲಕ್ಕೆ ತಂದು ನಿಲ್ಲಿಸಿದೆ. ಅಮರಮ್ಮ ಪುಟದ ತುಂಬ ನಿಂತಳು. ಅವಳ ಕೆಳಗೆ ಮಾತು ಬರೆಯಲು ಜಾಗವೇ ಉಳಿಯಲಿಲ್ಲ, ಹೆಸರು, ಊರು ಅಷ್ಟೇ. ಆಗಿನ ಫೋಟೋಕ್ಕೆಂದು ಅವಳನ್ನು ಗುಂಪಿನಿಂದ ಕತ್ತರಿಸಿ ತೆಗೆಯಲಿಲ್ಲ. ಗುಂಪಿನ ಫೋಟೋವನ್ನೇ ಪುಸ್ತಕದ ನಡುವಿನ ಎರಡು ಪುಟಗಳಿಗೆ ಹರಡಿ, ಅದು ತಾಳುವಷ್ಟು ಮಾತ್ರ ದೊಡ್ಡದು ಮಾಡಿದೆ. ನಮ್ಮವರು ಬಂದು ನೋಡಿ, ನನ್ನ ಹೆಗಲ ಮೇಲಿನ ಬೆರಳುಗಳನ್ನೂ ನೋಡಿ, ಚಹಾ ತಂದಿಟ್ಟು ಹೋದರು.

ಪುಟಗಳನ್ನು ವಾಟ್ಸಾಪ್ ಗುಂಪಿಗೆ ಹಾಕಿದಾಗ ಒಂದಿಬ್ಬರು ಗೊಣಗಿದರು: ‘ನಮಗೆಲ್ಲ ಕಾಲು ಪುಟದ ಫೋಟೋ, ಅಕಿಗ್ಯಾಕ ಪೂರ್ತಿ ಪುಟ?’ ನಾನು ಉತ್ತರ ಹುಡುಕುವುದರೊಳಗೆ ಅಕ್ಕೋರ ದನಿ ಬಂತು: ‘ಪಂಗತಿಗೆ ತಡಾ ಬಂದಾಕಿಗೆ ಎರಡು ರೊಟ್ಟಿ ಕೂಡೇ ಹಾಕಬೇಕವಾ. ಸುಮ್ನಿರ್ರಿ.’ ಅಂದಹಾಗೆ ಅಕ್ಕೋರನ್ನು ನಾನು ಮೊದಲಿನ ಮೈಕಟ್ಟಿಗೆ ತಂದಿದ್ದೆ. ಈಗ ಅವರಿಗೆ ಸ್ವಲ್ಪ ಬಡಕಲಾದಂತೆ ಕಾಣುತ್ತಿದೆಯಂತೆ.

ನಾವು ಲಿಂಗಸುಗೂರಿನಲ್ಲಿ ಕೂಡಿದ ದಿನ ಅಮರಮ್ಮ ಬರಲಿಲ್ಲ. ನಾನು ಅಂಗಳದಲ್ಲಿ ಕೂತು ಊಟ ಮುಗಿಯುವವರೆಗೂ ದಾರಿ ನೋಡಿದೆ. ಯಾರೋ ಹಾಡಿದರು, ಯಾರೋ ಅತ್ತರು, ಎಲ್ಲರೂ ಸೆಲ್ಫಿ ತೆಗೆದುಕೊಂಡರು. ನನ್ನ ಪಕ್ಕದಲ್ಲಿ ಹುಲಿಗೆಮ್ಮ ಕೂತಿದ್ದಳು. ನಡುವೆ ಒಬ್ಬರು ಕೂರುವಷ್ಟು ಜಾಗವನ್ನು ನಾವಿಬ್ಬರೂ ಹೇಳಿಕೊಳ್ಳದೆಯೇ ಬಿಟ್ಟಿದ್ದೆವು. ಮರುದಿನ ಅಮರಮ್ಮನ ಪುಸ್ತಕವನ್ನು ತುರ್ವಿಹಾಳದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದೆ.

ಅದು ಮುಟ್ಟಿದ ಮಧ್ಯಾಹ್ನ ನಾನು ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಫೋನು ಬಂತು. ಅವಳ ಹಿಂದೆ ಹೆಂಗಸರ ಗದ್ದಲ, ನೀರಿನ ಸದ್ದು.

‘ಸುಜಾತಾ! ಏನಲೇ, ಎಷ್ಟ ದೊಡ್ಡಾಕಿನ್ನ ಮಾಡೀದಿ ನನ್ನ! ಇವರೆಲ್ಲ ಕುಂತು ನನ್ನ ಹಲ್ಲು ಎಣಸಾಕತ್ತಾರ.’

ಚೆನ್ನಾಗಿ ಬಂದಿದೆಯಾ ಎಂದು ಕೇಳಿದೆ. ಚೆನ್ನಾಗಿದೆ, ಗಂಡ ಪುಟ ಹರಿದು ಗೋಡೆಗೆ ಹಚ್ಚೋಣ ಅಂದ, ತಾನು ಬೈದೆ ಎಂದಳು. ಆಮೇಲೆ ಗದ್ದಲದಿಂದ ದೂರ ನಡೆದಳೆಂದು ಕಾಣುತ್ತದೆ, ಹೆಂಗಸರ ದನಿ ಸಣ್ಣದಾಯಿತು.

‘ಒಂದ ಮಾತು ಕೇಳ್ತೀನಿ. ಆ ನಡುವಿನ ಹಾಳ್ಯಾಗ ನಮ್ಮೆಲ್ಲರದೂ ಐತಲ್ಲ, ಅದು… ನೀ ಅದನ್ನ ಕಂಪ್ಯೂಟರಿನ್ಯಾಗ ದೊಡ್ಡದು ಮಾಡೀಯಲ್ಲ?’

‘ಹೂಂ.’

‘ಇನ್ನೊಂಚೂರು ದೊಡ್ಡದು ಮಾಡಿದ್ರ ಗೇಟು ಬರ್ತೈತೇನು?’

ನನಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟೆ.

‘ಅಪ್ಪಂದು ಒಂದೂ ಫೋಟೋ ಇಲ್ಲ ನಮ್ಮಂತ್ಯಾಕ,’ ಎಂದಳು. ‘ಇದ್ರಾಗ ಅಲ್ಲೇ ನಿಂತಾನ ಅಂವ. ನಾ ನೋಡಾಕತ್ತೀನಲ್ಲ, ಅಲ್ಲೇ. ಬಿಳೇ ಅಂಗಿ ಹಾಕ್ಯಾನ.’

‘ಬರಂಗಿಲ್ಲ ಅಮರಿ,’ ಎಂದೆ. ‘ಎಷ್ಟ ದೊಡ್ಡದು ಮಾಡಿದ್ರೂ ಫೋಟೋದಾಗ ಇದ್ದದ್ದ ಬೆಳೀತೈತಿ. ಹೊರಗಿಂದು ಒಳಗ ಬರಂಗಿಲ್ಲ.’

ಆ ಕಡೆ ಹಾಳೆ ತಿರುವಿದ ಸದ್ದಾಯಿತು.

‘ಹೌದಾ,’ ಎಂದಳು. ಆಮೇಲೆ, ‘ಇರ್ಲಿ ಬಿಡು. ಬಾಜೂಕ ಅದಾನಂತ ನನಗ ಗೊತ್ತೈತಲ್ಲ.’

ಯಾರೋ ಅವಳನ್ನು ಕೂಗಿದರು. ‘ಬಂದೇ!’ ಎಂದು ಅವಳು ಗದ್ದೆಯ ಕಡೆ ಮುಖ ಮಾಡಿ ಕೂಗಿದ್ದು ಕೇಳಿಸಿತು, ಫೋನು ಇಡುವುದನ್ನು ಮರೆತೇ ಕೆಸರಿಗೆ ಇಳಿದದ್ದೂ ಕೇಳಿಸಿತು.